ಮನವಿಯ ಕೊನೆಯ ವಾಕ್ಯ

ಶಿಕಾರಿಪುರ
9 ಜೂನ್ 2024

ಚಿರಂಜೀವಿ ಗಂಗಾಶ್ರೀ,

ನೀನು ಎಂ.ಬಿ.ಬಿ.ಎಸ್. ತೇರ್ಗಡೆಯಾಗಿ, ಓದಿದ ಕಾಲೇಜಿನ ಆಸ್ಪತ್ರೆಯಲ್ಲೇ ಒಂದು ವರ್ಷದ ತರಬೇತಿ ವೈದ್ಯೆಯಾಗಿ ಸೇರಿರುವ ಸುದ್ದಿಯನ್ನು ನಿನ್ನ ಕಾಗದದಿಂದ ತಿಳಿದೆ. ಕಾಗದದ ತುಂಬ ಅವಸರ ಕಂಡಿತು. ಸಂತೋಷದ ಅವಸರವೆಂದು ಈ ಸಲ ಕ್ಷಮಿಸಿದ್ದೇನೆ.

ನನ್ನ ಕಿವಿ ಈಗ ಪೂರ್ತಿ ಹೋದಂತೆಯೇ. ಮಗ ಮಲ್ಲಿಕಾರ್ಜುನ ತಂದುಕೊಟ್ಟ ಯಂತ್ರವನ್ನು ಸಿಕ್ಕಿಸಿಕೊಂಡರೆ ಬಸ್ ಸ್ಟ್ಯಾಂಡಿನ ಗದ್ದಲವೆಲ್ಲ ತಲೆಯೊಳಗೆ ಬಂದು ಕೂರುತ್ತದೆ. ಮನುಷ್ಯರ ಮಾತು ಮಾತ್ರ ಹೊರಗೇ ನಿಂತಿರುತ್ತದೆ. ಆದ್ದರಿಂದ ಫೋನು ಬೇಡ. ಮೊಬೈಲಿನಲ್ಲಿ ಮೂರು ಪದ, ಒಂದು ಹಳದಿ ಮುಖ ಕಳಿಸುವುದನ್ನು ನಾನು ಪತ್ರವೆಂದು ಒಪ್ಪುವುದಿಲ್ಲ. ಕಾಗದ ಬರೆ. ನಿನ್ನ ಕನ್ನಡವೂ ಉಳಿಯುತ್ತದೆ.

ಹೋದ ವಾರ ಸೊರಬದಲ್ಲಿ ಒಂದು ಮದುವೆಯಿತ್ತು. ಮುಗಿಸಿಕೊಂಡು ಗುಡವಿಯ ಆಚೆಗಿನ ನಿಮ್ಮೂರಿಗೂ ಹೋಗಿ ಬಂದೆ. ನಾನು ಮುಖ್ಯೋಪಾಧ್ಯಾಯನಾಗಿದ್ದ ಪ್ರೌಢಶಾಲೆಯ ಮುಂದೆಯೇ ಆರೋಗ್ಯ ಕೇಂದ್ರವಿದೆಯಲ್ಲ, ಅದರಲ್ಲಿ ವೈದ್ಯರ ಕೋಣೆಗೆ ಬೀಗ. ನರ್ಸಮ್ಮ ಒಬ್ಬರೇ ಮಾತ್ರೆ ಕೊಡುತ್ತ ಕುಳಿತಿದ್ದರು. ಜಗಲಿಯ ಮೇಲೆ ನಿನ್ನ ತಂದೆ ಮಾಸ್ತಪ್ಪ, ಇನ್ನೂ ಹತ್ತಾರು ಜನ ಸೇರಿದರು. ನಾನು ನಿಂತು ಹೇಳಿದೆ: "ಬರುವ ವರ್ಷ ಈ ಕುರ್ಚಿಯಲ್ಲಿ ನಮ್ಮ ಗಂಗಾಶ್ರೀ ಕೂರುತ್ತಾಳೆ. ಇದು ನನ್ನ ಮಾತು." ಮಾಸ್ತಪ್ಪ ನನ್ನ ಕಿವಿಯ ಹತ್ತಿರ ಬಂದು, "ಮೇಷ್ಟ್ರು ಹೇಳಿದ್ಮೇಲೆ ಆತು ಬಿಡ್ರಿ, ಸರ್ಕಾರದ ಆರ್ಡ್ರು ಬಂದಂಗೇ ಲೆಕ್ಕ" ಎಂದ. ಜನ ನಕ್ಕರು. ನಾನು ನಗಲಿಲ್ಲ. ಕೊಟ್ಟ ಮಾತು ನಿನಗೆ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ನನ್ನ ಮನೆಯಾಕೆ ರಾಜೇಶ್ವರಮ್ಮ ನಿನ್ನ ಊಟದ ಬಗ್ಗೆ ವಿಚಾರಿಸಿದ್ದಾಳೆ. ಅದಕ್ಕೂ ಉತ್ತರ ಕೊಡು.

ನಿನ್ನ ಏಳಿಗೆಯನ್ನು ಬಯಸುವ,
ಹುಚ್ಚರಾಯಪ್ಪ


ಹಾಸ್ಟೆಲ್
30 ಜೂನ್ 2024

ಪೂಜ್ಯ ಗುರುಗಳಿಗೆ,

ಅವಸರವಿಲ್ಲದೆ ಬರೆಯಲೆಂದು ಭಾನುವಾರದವರೆಗೆ ಕಾದೆ. ಈಗ ಹೆರಿಗೆ ವಾರ್ಡಿನಲ್ಲಿದ್ದೇನೆ. ಮೊನ್ನೆ ಒಬ್ಬ ತಾಯಿ ನನ್ನ ಕೈ ಹಿಡಿದುಕೊಂಡು, "ಡಾಕ್ಟ್ರೇ, ನೀವು ಇಲ್ಲೇ ಇರ್ತೀರಲ್ಲ?" ಎಂದು ಕೇಳಿದಳು. ಡಾಕ್ಟ್ರು ಎಲ್ಲಿದ್ದಾರೆಂದು ನಾನು ಹಿಂದೆ ತಿರುಗಿ ನೋಡಿದೆ. ನನ್ನ ಜೊತೆಯ ಸೌಂದರ್ಯ ಇದನ್ನು ಇಡೀ ಹಾಸ್ಟೆಲಿಗೆ ಹೇಳಿ ನಗಿಸಿದ್ದಾಳೆ. ಸೌಂದರ್ಯ ಬೆಂಗಳೂರಿನವಳು, ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಓದಲು ಮಾತ್ರ ತಡವರಿಸುತ್ತಾಳೆ. ಕೇಸ್ ಶೀಟಿನಲ್ಲಿ ಊರ ಹೆಸರು ಬಂದಾಗ ನನ್ನನ್ನೇ ಕರೆಯುತ್ತಾಳೆ.

ನಮ್ಮೂರಿನಲ್ಲಿ ತಾವು ಹೇಳಿದ ಮಾತನ್ನು ನನ್ನ ತಮ್ಮ ಯತೀಶನೂ ತಿಳಿಸಿದ. ಹೆದರಿಕೆಯಾಯಿತು, ಸಂತೋಷವೂ ಆಯಿತು. ನನಗೂ ಬೇರೆ ಆಸೆಯಿಲ್ಲ, ಗುರುಗಳೇ. ಕೇಂದ್ರದ ಆ ಕೋಣೆಯ ಕಿಟಕಿಯಿಂದ ನಮ್ಮ ಮನೆಯವರು ಕುರಿ ಹೊಡೆದುಕೊಂಡು ಹೋಗುವ ದಾರಿ ಕಾಣುತ್ತದೆ.

ಊಟ ಚೆನ್ನಾಗಿದೆಯೆಂದು ಅಮ್ಮನವರಿಗೆ ತಿಳಿಸಿ. ಖರ್ಚಿಗೂ ತೊಂದರೆಯಿಲ್ಲ.

ತಮ್ಮ ವಿದ್ಯಾರ್ಥಿನಿ,
ಗಂಗಾಶ್ರೀ


ಹಾಸ್ಟೆಲ್
4 ಅಕ್ಟೋಬರ್ 2024

ಪೂಜ್ಯ ಗುರುಗಳಿಗೆ,

ಖರ್ಚಿಗೆ ತೊಂದರೆಯಿಲ್ಲವೆಂದು ಬರೆದದ್ದು ನಿಜವಾಗಿರಲಿಲ್ಲ. ನಾವು ಕೆಲಸಕ್ಕೆ ಸೇರಿದಂದಿನಿಂದ ಇಲ್ಲಿಯವರೆಗೆ ಯಾರಿಗೂ ಸ್ಟೈಪೆಂಡ್ ಕೊಟ್ಟಿಲ್ಲ. ಕೇಳಿದರೆ, "ಮುಂದಿನ ತಿಂಗಳು" ಎನ್ನುತ್ತಾರೆ. ಹಗಲು ವಾರ್ಡು, ಮತ್ತೆ ಕ್ಯಾಶುಯಲ್ಟಿ, ರಕ್ತದ ಬಾಟಲಿಗೆ ಓಡುವುದು, ಎಕ್ಸ್‌ರೇಗೆ ರೋಗಿಯನ್ನು ತಳ್ಳುವುದು, ಎಲ್ಲವನ್ನೂ ನಾವೇ ಮಾಡುತ್ತೇವೆ. ಇಷ್ಟು ದಿನ ಮನೆಯಿಂದ ಯತೀಶ ಒಂದೊಂದೇ ಟಗರು ಮಾರಿ ಕಳಿಸಿದ್ದಾನೆ.

ನನ್ನ ಯೋಚನೆ ಇಂದಿನ ಊಟದ್ದಲ್ಲ. ತರಬೇತಿ ಮುಗಿದ ಮೇಲೆ ನಮ್ಮೂರ ಕೇಂದ್ರಕ್ಕೆ ನೇಮಕದ ಆದೇಶ ಬರಲು ಎಷ್ಟು ತಿಂಗಳಾಗುತ್ತದೋ ಯಾರೂ ಹೇಳುವುದಿಲ್ಲ. ಹೋದ ವರ್ಷದವರು ಇನ್ನೂ ಕಾಯುತ್ತಿದ್ದಾರೆ. ಸ್ಟೈಪೆಂಡ್ ಬಂದರೆ ಅದನ್ನಿಟ್ಟುಕೊಂಡು ನಾನು ಕಾಯಬಲ್ಲೆ. ಬಾರದಿದ್ದರೆ ಕಾಯಲಾರೆ. ಖಾಸಗಿ ಆಸ್ಪತ್ರೆಯವರು ಈಗಲೇ ಹಾಸ್ಟೆಲಿಗೆ ಬಂದು ಮುಂಗಡ ಕೊಡುತ್ತೇವೆ ಎನ್ನುತ್ತಿದ್ದಾರೆ. ಮೂಲ ಪ್ರಮಾಣಪತ್ರಗಳನ್ನು ಅವರ ಕೈಗೆ ಕೊಟ್ಟು ಮೂರು ವರ್ಷದ ಕರಾರಿಗೆ ಸಹಿ ಹಾಕಬೇಕು. ಕೆಲವರು ಹಾಕಿಬಿಟ್ಟರು. ನಾನು ಹಾಕಿದರೆ ನಮ್ಮೂರಿಗೆ ಬರುವ ಮಾತೇ ಇಲ್ಲ.

ಗೇಟಿನ ಮುಂದೆ ಧರಣಿ ಕೂರುವುದೆಂದು ಎಲ್ಲರೂ ನಿರ್ಧರಿಸಿದ್ದಾರೆ. ಅದಕ್ಕೆ ಮೊದಲು ಒಂದು ಮನವಿ ಕೊಡೋಣವೆಂದಾಯಿತು. ಆಡಳಿತ ಮಂಡಳಿಯ ಅಧ್ಯಕ್ಷರು ಹಳಬರು, ಕನ್ನಡದಲ್ಲಿ ಬರೆದರೆ ತಾವೇ ಓದುತ್ತಾರಂತೆ. ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕರಡನ್ನು ಇದರೊಂದಿಗೆ ಇಟ್ಟಿದ್ದೇನೆ. ದಯವಿಟ್ಟು ತಿದ್ದಿ ಬೇಗ ಕಳಿಸಬೇಕು.

ತಮ್ಮ ವಿದ್ಯಾರ್ಥಿನಿ,
ಗಂಗಾಶ್ರೀ


ಶಿಕಾರಿಪುರ
9 ಅಕ್ಟೋಬರ್ 2024

ಚಿರಂಜೀವಿ ಗಂಗಾಶ್ರೀ,

ಕರಡು ತಲುಪಿದ ದಿನವೇ ತಿದ್ದಲು ಕುಳಿತೆ. ಈ ಊರಿನಲ್ಲಿ ನಾನು ಬರೆದುಕೊಟ್ಟ ಮನವಿಗಳಿಂದ ರಸ್ತೆಯಾಗಿದೆ, ಶಾಲೆಗೆ ಕೊಠಡಿ ಬಂದಿದೆ, ವಿಧವೆಯರಿಗೆ ಪಿಂಚಣಿ ಬಂದಿದೆ. ಕೇಳುವುದಕ್ಕೂ ಒಂದು ರೀತಿಯಿದೆ. ನಿನ್ನ ಕರಡಿನಲ್ಲಿ ಆ ರೀತಿ ಕಾಣಲಿಲ್ಲ. "ಬೇಡಿಕೆ" ಎಂದು ಬರೆದಿದ್ದೀಯೆ; "ಬಾಕಿ" ಎಂದಿದ್ದೀಯೆ; "ತಪ್ಪಿದಲ್ಲಿ ಕೆಲಸ ನಿಲ್ಲಿಸಬೇಕಾಗುತ್ತದೆ" ಎಂದು ಎಚ್ಚರಿಕೆಯನ್ನೂ ಕೊಟ್ಟಿದ್ದೀಯೆ. ಇದು ಅಂಗಡಿಯವನು ಸಾಲಗಾರನಿಗೆ ಬರೆಯುವ ಭಾಷೆ. ವೈದ್ಯರ ಬಾಯಲ್ಲಿ ಇದು ಶೋಭಿಸುವುದಿಲ್ಲ.

ಎಲ್ಲವನ್ನೂ ಮತ್ತೆ ಬರೆದಿದ್ದೇನೆ. ಓದುವವರ ಮನಸ್ಸಿನಲ್ಲಿ ಹಣದ ಮಾತು ಕೊನೆಗೆ ಉಳಿಯಬಾರದು. ಆದ್ದರಿಂದ ಮುಕ್ತಾಯಕ್ಕೆ ಈ ವಾಕ್ಯವನ್ನು ಸೇರಿಸಿದ್ದೇನೆ: "ನಾವು ವೇತನಕ್ಕಾಗಿ ದುಡಿಯುವವರಲ್ಲ, ರೋಗಿಗಳ ಸೇವೆಯೇ ನಮಗೆ ಸಂಭಾವನೆ, ಆಡಳಿತ ಮಂಡಳಿಯವರು ಸಂತೋಷದಿಂದ ನೀಡಿದ್ದನ್ನು ಪ್ರಸಾದವೆಂದು ಸ್ವೀಕರಿಸುತ್ತೇವೆ."

ಇದನ್ನು ಓದಿ ಕೊಡದೆ ಇರುವವನು ಮನುಷ್ಯನಲ್ಲ. ದೊಡ್ಡವರನ್ನು ಅವರ ದೊಡ್ಡತನದಿಂದಲೇ ಕಟ್ಟಿಹಾಕಬೇಕು. ಒಂದಕ್ಷರವನ್ನೂ ಬದಲಿಸಬೇಡ. ಗೇಟಿನ ಮುಂದೆ ಕೂರುವ ಮಾತನ್ನಂತೂ ಬಿಟ್ಟುಬಿಡು. ನನ್ನ ವಿದ್ಯಾರ್ಥಿನಿ ಬೀದಿಯಲ್ಲಿ ಕೂತು ಕೂಗಿದಳೆಂದು ನಾನು ಕೇಳಬಾರದು.

ಹುಚ್ಚರಾಯಪ್ಪ


ಹಾಸ್ಟೆಲ್
25 ಅಕ್ಟೋಬರ್ 2024

ಪೂಜ್ಯ ಗುರುಗಳಿಗೆ,

ತಾವು ಬರೆದಂತೆಯೇ ಮನವಿಯನ್ನು ಪ್ರತಿ ಮಾಡಿ ಕೊಟ್ಟೆವು. ಎಲ್ಲರೂ ಸಹಿ ಹಾಕಿದರು. ಅಧ್ಯಕ್ಷರು ಅದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ, ಇಂಥ ಕನ್ನಡವನ್ನು ನೋಡಿ ಎಷ್ಟು ಕಾಲವಾಯಿತು ಎಂದರು. ಕೊನೆಯ ವಾಕ್ಯವನ್ನು ಎರಡು ಸಲ ಓದಿದರು. ಬರೆದವರು ಯಾರೆಂದು ಕೇಳಿದರು. ತಮ್ಮ ಹೆಸರು ಹೇಳಿದೆ.

ಉಳಿದದ್ದನ್ನು ಮುಂದೆ ಬರೆಯುತ್ತೇನೆ. ಡ್ಯೂಟಿಗೆ ಹೊತ್ತಾಯಿತು.

ಗಂಗಾಶ್ರೀ


ಶಿಕಾರಿಪುರ
3 ನವೆಂಬರ್ 2024

ಚಿರಂಜೀವಿ ಗಂಗಾಶ್ರೀ,

ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡೇ ರಾಜ್ಯೋತ್ಸವದ ಸಭೆಗೆ ಹೋದೆ. ಈ ವರ್ಷ ಮಾತಾಡಲು ನನ್ನನ್ನು ಕರೆದಿದ್ದರು. ಬರೆದುಕೊಂಡು ಹೋದ ಭಾಷಣವನ್ನು ಬದಿಗಿಟ್ಟು ನಿಮ್ಮ ಮನವಿಯನ್ನು ಓದಿದೆ. ಕನ್ನಡದಲ್ಲಿ ಮನವಿ ಬರೆಯುವ ವೈದ್ಯರು ಇನ್ನೂ ಇದ್ದಾರೆ, ಹಣವನ್ನು ಪ್ರಸಾದವೆಂದು ತಿಳಿಯುವವರು ಇದ್ದಾರೆ ಎಂದೆ. ಚಪ್ಪಾಳೆ ನನಗೆ ಕೇಳಿಸಲಿಲ್ಲ, ಆದರೆ ಕೈಗಳು ಬಹಳ ಹೊತ್ತು ಆಡುತ್ತಿದ್ದುದನ್ನು ಕಂಡೆ.

ಪತ್ರಿಕೆಯವನೊಬ್ಬ ಪ್ರತಿ ಕೇಳಿ ತೆಗೆದುಕೊಂಡು ಹೋದ. ಇಂದು ಅಚ್ಚಾಗಿದೆ. "ಸೇವೆಯೇ ಸಂಭಾವನೆ ಎಂದ ಯುವ ವೈದ್ಯರು" ಎಂಬ ತಲೆಬರಹ. ನಿನ್ನ ಕಾಲೇಜಿನ ಹೆಸರೂ ಇದೆ. ತುಣುಕನ್ನು ಇದರೊಳಗೆ ಇಟ್ಟಿದ್ದೇನೆ. ಅಧ್ಯಕ್ಷರಿಗೂ ಒಂದು ಕಳಿಸಿದ್ದೇನೆ.

ರಾಜೇಶ್ವರಮ್ಮ ಇದನ್ನೆಲ್ಲ ಓದಿ, ನನ್ನ ಕಿವಿಯ ಹತ್ತಿರ ಬಾಯಿಟ್ಟು, "ಅದೆಲ್ಲ ಸರಿ ಕಣ್ರೀ, ದುಡ್ಡು ಬಂತಾ ಅಂತ ಕೇಳ್ರಿ" ಎಂದಳು. ಇವಳಿಗೆ ಒಳ್ಳೆಯ ಗದ್ಯದ ಬೆಲೆ ಎಂದೂ ತಿಳಿಯಲಿಲ್ಲ. ಆದರೂ ಕೇಳಿದ್ದಾಳೆ, ಬರೆದಿದ್ದೇನೆ.

ನಿನ್ನ ಏಳಿಗೆಯನ್ನು ಬಯಸುವ,
ಹುಚ್ಚರಾಯಪ್ಪ


ಶಿಕಾರಿಪುರ
20 ಡಿಸೆಂಬರ್ 2024

ಗಂಗಾಶ್ರೀ,

ನವೆಂಬರಿನ ಕಾಗದಕ್ಕೆ ಉತ್ತರವಿಲ್ಲ. ಮತ್ತೊಂದು ಬರೆದೆ, ಅದಕ್ಕೂ ಇಲ್ಲ. ವೈದ್ಯರಿಗೆ ಬಿಡುವಿಲ್ಲವೆಂಬುದನ್ನು ಬಲ್ಲೆ. ಆದರೆ ಒಂದು ಕಾರ್ಡಿಗೆ ಆಗದಷ್ಟು ಕೆಲಸವನ್ನು ನಾನು ಕಂಡಿಲ್ಲ. ಹೆಸರು ಬಂದ ಮೇಲೆ ಗುರುವನ್ನು ಮರೆಯುವುದು ಹೊಸದಲ್ಲ. ನೀನು ಹಾಗಲ್ಲವೆಂದು ತಿಳಿದಿದ್ದೆ.

ಹುಚ್ಚರಾಯಪ್ಪ


ಶಿಕಾರಿಪುರ
19 ಜನವರಿ 2025

ಗಂಗಾಶ್ರೀ,

ನಿನ್ನೆ ಶಿರಾಳಕೊಪ್ಪದ ಸಂತೆಯಲ್ಲಿ ನಿನ್ನ ತಮ್ಮ ಯತೀಶನನ್ನು ಕಂಡೆ. ನಾಲ್ಕು ಕುರಿಗಳನ್ನು ಹಗ್ಗಕ್ಕೆ ಕಟ್ಟಿಕೊಂಡು ನಿಂತಿದ್ದ. ನಾನೇ ಹೋಗಿ ಮಾತಾಡಿಸಿದೆ. ಮುಖ ಆಚೆ ತಿರುಗಿಸಿದ. ಅಕ್ಕ ಹೇಗಿದ್ದಾಳೆಂದು ಕೇಳಿದೆ. ಏನೋ ಗೊಣಗಿದ. ಕೇಳಿಸಲಿಲ್ಲ, ಗಟ್ಟಿಯಾಗಿ ಹೇಳು ಎಂದೆ. ಆಗ ಅವನು ಕೂಗಿದ, ಗಂಗಾಶ್ರೀ. ಸಂತೆಯೆಲ್ಲ ತಿರುಗಿ ನೋಡುವಂತೆ ಕೂಗಿದ.

"ಪ್ರಸಾದ ಬಂತು ಮೇಷ್ಟ್ರೇ! ನಿಮ್ ಪ್ರಸಾದ ಬಂತು! ಒಂದೇ ಒಂದು ಸಲ ಕೊಟ್ರು, ಅದೂ ಬಸ್ ಚಾರ್ಜಿಗೆ ಆಗೋವಷ್ಟು. ಗೌರವಧನ ಅಂತೆ. ಹುಡುಗ್ರೇ ಬರ್ಕೊಟ್ಟಾರಲ್ಲ, ಕೊಟ್ಟಿದ್ದು ತಗಂತೀವಿ ಅಂತ, ಇನ್ನೇನ್ ಕೇಳ್ತೀರಿ ಅಂದ್ರಂತೆ. ಆಮೇಲೆ ನೀವು ಪೇಪರ್ನಾಗೆ ಹಾಕ್ಸಿದ್ರಲ್ಲ, ಅದನ್ನ ದೊಡ್ಡದು ಮಾಡಿ ಗೇಟಿಗೆ ಅಂಟ್ಸ್ಯಾರೆ. ಧರಣಿ ಕೂರಕ್ಕೆ ಹೋದ್ರೆ ಅದನ್ನೇ ತೋರಿಸ್ತಾರೆ!"

ಅವಳು ನನಗೆ ಇದೇನನ್ನೂ ಬರೆಯಲಿಲ್ಲವಲ್ಲ ಎಂದೆ.

"ನಿಮಗೆ ಹೆಂಗ್ ಬರೀತಾಳ್ರೀ? ಬರದ್ರೆ ನೀವು ತಪ್ಪು ಹುಡುಕಿ ವಾಪಸ್ ಕಳಿಸ್ತೀರಿ!"

ಕುರಿ ಕೊಳ್ಳಲು ಬಂದಿದ್ದ ಒಬ್ಬ ಮುದುಕ, "ಏ ಹುಡ್ಗ, ದೊಡ್ಡೋರ ಹತ್ರ ಹಂಗೆಲ್ಲ ಒದರಬಾರ್ದು" ಎಂದು ಗದರಿದ. "ಅವರಿಗೆ ಮೆಲ್ಲಗೆ ಹೇಳಿದ್ರೆ ಕೇಳಂಗಿಲ್ಲ ಅಜ್ಜ" ಎಂದ ನಿನ್ನ ತಮ್ಮ. ಅದು ಅವನ ಬಾಯಿಯ ಆಕಾರದಿಂದಲೇ ನನಗೆ ತಿಳಿಯಿತು.

ನಾನು ಎರಡು ಸಲ ಈ ಕಾಗದವನ್ನು ಬರೆದು ಹರಿದೆ. ನನ್ನ ವಾಕ್ಯದಲ್ಲಿ ದೋಷವಿಲ್ಲ. ಅದು ಮರ್ಯಾದೆಯುಳ್ಳವನಿಗೆ ಬರೆದ ವಾಕ್ಯ. ಮರ್ಯಾದೆಯಿಲ್ಲದವನ ಕೈಗೆ ಸಿಕ್ಕಿತು. ಇಷ್ಟನ್ನು ಹೇಳಿ ನಾನು ಸುಮ್ಮನಿರಬಹುದಿತ್ತು. ಆದರೆ ಒಂದನ್ನು ಕೇಳದೆ ಇರಲಾರೆ. ಪ್ರತಿ ಮಾಡಿದವಳು ನೀನು. ಅಲ್ಲಿಯ ಜನರನ್ನು ಬಲ್ಲವಳೂ ನೀನು. ಆ ವಾಕ್ಯ ಹೀಗೆ ತಿರುಗೀತೆಂದು ನಿನಗೆ ಅನ್ನಿಸಲಿಲ್ಲವೆ? ಅನ್ನಿಸಿದ್ದರೆ ಏಕೆ ಹೊಡೆದುಹಾಕಲಿಲ್ಲ?

ಹುಚ್ಚರಾಯಪ್ಪ


ಹಾಸ್ಟೆಲ್
2 ಫೆಬ್ರವರಿ 2025

ಪೂಜ್ಯ ಗುರುಗಳಿಗೆ,

ಅನ್ನಿಸಿತ್ತು. ಓದಿದ ಕೂಡಲೇ ಅನ್ನಿಸಿತ್ತು. ಪ್ರತಿ ಮಾಡುತ್ತ ಕೊನೆಯ ವಾಕ್ಯಕ್ಕೆ ಬಂದಾಗ ಪೆನ್ನು ಎತ್ತಿಟ್ಟು ಬಹಳ ಹೊತ್ತು ಕುಳಿತಿದ್ದೆ. ತಾವು ಎಂಟನೆಯ ತರಗತಿಯಿಂದ ನನ್ನ ಸಾಲುಗಳನ್ನು ಹೊಡೆದುಹಾಕಿದ್ದೀರಿ. ತಮ್ಮ ಸಾಲನ್ನು ಹೊಡೆದುಹಾಕಲು ನನಗೆ ಕೈ ಬರಲಿಲ್ಲ. ಅಷ್ಟೇ ಕಾರಣ.

ಸೌಂದರ್ಯ, ಏನಿದೆ ಇದರಲ್ಲಿ ಎಂದು ಕೇಳಿದಳು. "ಎಲ್ಲ ಸರಿಯಾಗಿದೆ" ಎಂದೆ. "ನೀನು ಓದಿದ್ದೀಯಲ್ಲ, ಸಾಕು ಬಿಡೇ" ಎಂದು ಸಹಿ ಹಾಕಿದಳು. ಅವಳನ್ನು ನೋಡಿ ಉಳಿದವರೂ ಹಾಕಿದರು. ಅರ್ಧದಷ್ಟು ಜನಕ್ಕೆ ಆ ಪುಟ ಓದಲು ಬರುವುದಿಲ್ಲ. ಅವರು ನಂಬಿದ್ದು ನನ್ನನ್ನು, ತಮ್ಮನ್ನಲ್ಲ. ಆದ್ದರಿಂದ ತಾವು ಇದನ್ನು ಹೊರಬೇಕಿಲ್ಲ.

ಈಗ ಮೆಸ್ಸಿನಲ್ಲಿ ನಾನು ತಟ್ಟೆ ಹಿಡಿದು ನಿಂತರೆ ಯಾರಾದರೊಬ್ಬರು, "ಇವಳಿಗೆ ಸ್ವಲ್ಪ ಹಾಕ್ರಪ್ಪ, ಪ್ರಸಾದ ಅಂತ ತಿಂತಾಳೆ" ಎನ್ನುತ್ತಾರೆ. ಮೊದಮೊದಲು ನಗುತ್ತಿದ್ದರು. ಈಗ ನಗುವುದೂ ಇಲ್ಲ. ಸೌಂದರ್ಯ ಬೇರೆ ಕೋಣೆಗೆ ಹೋದಳು. ಹೋಗುವಾಗ, "ನನಗೆ ಓದೋಕೆ ಬರಲ್ಲ ಅಂತ ನಿಂಗೆ ಗೊತ್ತಿತ್ತಲ್ವಾ" ಎಂದಳು. ಅದೊಂದೇ ಮಾತು.

ಒಂದು ವಿಷಯವನ್ನು ತಮ್ಮೊಂದಿಗೆ ವಾದಿಸಲು ಅನುಮತಿ ಬೇಡುತ್ತೇನೆ. ಇದು ಮೊದಲ ಸಲ. ನಮ್ಮ ಕುರಿಗಳನ್ನು ಗೊಬ್ಬರಕ್ಕೆಂದು ಗದ್ದೆಯಲ್ಲಿ ನಿಲ್ಲಿಸುವಾಗ ಅಪ್ಪ ಮೊದಲೇ ಮಾತಾಡಿಕೊಳ್ಳುತ್ತಾರೆ: ಇಷ್ಟು ಕುರಿ, ಇಷ್ಟು ದಿನ, ಇಷ್ಟು ಭತ್ತ. ಗದ್ದೆಯವರು ಅವರನ್ನು ದುರಾಸೆಯವನೆಂದು ಕರೆದದ್ದನ್ನು ನಾನು ಕೇಳಿಲ್ಲ. ಮಾತಾಡಿಕೊಂಡ ಮೇಲೆ ಒಟ್ಟಿಗೇ ಕೂತು ಉಣ್ಣುತ್ತಾರೆ. ನನ್ನ ಕರಡಿನಲ್ಲಿ "ಬಾಕಿ" ಎಂದು ಬರೆದವಳು ಹಾಗೆ ಬೆಳೆದವಳು. ಅದು ಒರಟಾಗಿತ್ತು, ಸುಳ್ಳಾಗಿರಲಿಲ್ಲ. ನಾವು ವೇತನಕ್ಕಾಗಿಯೂ ದುಡಿಯುತ್ತೇವೆ, ಗುರುಗಳೇ. ದುಡಿದು ರೋಗಿಯ ಕೈಯನ್ನೂ ಹಿಡಿಯುತ್ತೇವೆ. ಎರಡನ್ನೂ ಒಂದೇ ಮನಸ್ಸು ಮಾಡುತ್ತದೆ.

ತರಬೇತಿ ಮುಗಿಯಲು ಇನ್ನು ಕೆಲವೇ ತಿಂಗಳು. ಮುಗಿದ ಕೂಡಲೇ ಊರಿಗೆ ಹೋಗಿ ಆದೇಶಕ್ಕೆ ಕಾಯುತ್ತೇನೆ. ಆದಷ್ಟು ದಿನ ಕಾಯುತ್ತೇನೆ.

ಗಂಗಾಶ್ರೀ


ಶಿಕಾರಿಪುರ
1 ಮಾರ್ಚ್ 2025

ಚಿರಂಜೀವಿ ಗಂಗಾಶ್ರೀ,

ನಿನ್ನ ಕಾಗದವನ್ನು ರಾಜೇಶ್ವರಮ್ಮನಿಗೂ ಕೊಟ್ಟೆ. ಓದಿ ಮಡಿಸಿಟ್ಟಳು. ನನ್ನೊಂದಿಗೆ ಎರಡು ದಿನ ಮಾತಾಡಲಿಲ್ಲ. ಕಿವುಡನೊಂದಿಗೆ ಮಾತು ಬಿಟ್ಟರೂ ತಿಳಿಯುತ್ತದೆ.

ನಿಮ್ಮ ಅಧ್ಯಕ್ಷರಿಗೆ ಬರೆದಿದ್ದೇನೆ. ಆ ವಾಕ್ಯ ನನ್ನದು, ಸಹಿ ಹಾಕಿದ ಮಕ್ಕಳದ್ದಲ್ಲ, ಅದನ್ನು ಹಿಂದಕ್ಕೆ ಪಡೆಯುತ್ತೇನೆ ಎಂದು. ಉತ್ತರ ಬಾರದಿದ್ದುದರಿಂದ ಖುದ್ದಾಗಿ ಹೋದೆ. ಹೊರಗಿನ ಬೆಂಚಿನಲ್ಲಿ ಕೂರಿಸಿದರು. ಸಂಜೆ ಒಬ್ಬ ಗುಮಾಸ್ತ ಬಂದು ಚೀಟಿಯಲ್ಲಿ ಬರೆದು ತೋರಿಸಿದ: "ತಾವು ನಮ್ಮ ಸಂಸ್ಥೆಗೆ ಸಂಬಂಧಪಟ್ಟವರಲ್ಲ." ನಿಜವೇ. ಗೇಟಿನಲ್ಲಿ ಆ ಪತ್ರಿಕೆಯ ತುಣುಕನ್ನು ಕಂಡೆ. ಬಿಸಿಲಿಗೆ ಬಣ್ಣ ಹೋಗಿದೆ. ಅಕ್ಷರಗಳು ಇನ್ನೂ ಕಾಣುತ್ತವೆ. ಕೀಳಲು ಕೈ ಹಾಕಿದೆ. ಕಾವಲಿನವನು ಬಂದು ನನ್ನ ತೋಳು ಹಿಡಿದು, ಮೆಲ್ಲಗೇ, ರಸ್ತೆಗೆ ಬಿಟ್ಟ. ಕೂಗಿ ಏನಾದರೂ ಅನ್ನಬೇಕೆಂದುಕೊಂಡೆ. ಏನನ್ನಬೇಕೆಂದು ತೋಚಲಿಲ್ಲ.

ನೀನು ಅದೇ ಕಟ್ಟಡದೊಳಗಿದ್ದೆ. ನಿನ್ನನ್ನು ಕರೆಸಿಕೊಳ್ಳಲಿಲ್ಲ. ನನ್ನ ಜೊತೆ ನಿಂತದ್ದನ್ನು ನಿನ್ನ ಜೊತೆಯವರು ನೋಡುವುದು ಬೇಡವೆನ್ನಿಸಿತು.

ಹುಚ್ಚರಾಯಪ್ಪ


ಸೊರಬ ತಾಲ್ಲೂಕು, ನಮ್ಮೂರು
27 ಜುಲೈ 2025

ಪೂಜ್ಯ ಗುರುಗಳಿಗೆ,

ಇಷ್ಟು ತಿಂಗಳು ಬರೆಯದಿದ್ದುದಕ್ಕೆ ಕೋಪವಲ್ಲ ಕಾರಣ. ಬರೆಯುವಂಥದ್ದು ಏನೂ ಆಗಲಿಲ್ಲ.

ನಮ್ಮೂರ ಕೇಂದ್ರಕ್ಕೆ ಆಯ್ಕೆಯಾಗಿದೆ ಎಂದು ಬಾಯಿಮಾತಿನಲ್ಲಿ ಹೇಳಿದರು. ಆದೇಶ ಮಾತ್ರ ಬರಲಿಲ್ಲ. ವಿಚಾರಿಸಲು ಹೋದಾಗಲೆಲ್ಲ ಇನ್ನೊಂದು ಸಹಿಯಾಗಬೇಕು ಎನ್ನುತ್ತಾರೆ. ತರಬೇತಿ ಮುಗಿಸಿದ ಪ್ರಮಾಣಪತ್ರವನ್ನೂ ಕಾಲೇಜಿನವರು ಕೊಟ್ಟಿಲ್ಲ. ಅದಿಲ್ಲದೆ ವೈದ್ಯೆಯೆಂದು ಕಾಯಂ ನೋಂದಣಿ ಇಲ್ಲ. ನೋಂದಣಿಯಿಲ್ಲದೆ ಔಷಧಿ ಬರೆದುಕೊಡುವ ಹಕ್ಕಿಲ್ಲ. ಊರಿನವರಿಗೆ ಇದು ಅರ್ಥವಾಗುವುದಿಲ್ಲ. ಬೆಳಿಗ್ಗೆ ಅಂಗಳದಲ್ಲಿ ಬಂದು ಕೂರುತ್ತಾರೆ. ಸೊರಬಕ್ಕೆ ಹೋಗಿ ತೋರಿಸಿ ಎಂದರೆ, "ಓದೋದು ಮುಗೀಲಿಲ್ಲೇನೇ ಇನ್ನೂ?" ಎಂದು ಕೇಳುತ್ತಾರೆ. ಅವ್ವ ಹೂವಮ್ಮನೇ ಎದ್ದುಹೋಗಿ, "ಕಾಗದ ಬರ್ಬೇಕಂತ್ರೀ, ಇನ್ನೂ ಬಂದಿಲ್ಲ" ಎಂದು ಎಲ್ಲರಿಗೂ ಹೇಳುತ್ತಾಳೆ. ನನ್ನ ಪರವಾಗಿ ನಾಚಿಕೊಂಡು ಹೇಳುತ್ತಾಳೆ.

ಮನೆಯಲ್ಲಿ ಈಗ ಕುರಿ ಇಲ್ಲ. ಯತೀಶ ಬೇರೆಯವರ ಹಿಂಡಿನ ಜೊತೆ ಕೂಲಿಗೆ ಹೋಗಿದ್ದಾನೆ. ತಮಗೆ ಸಂತೆಯಲ್ಲಿ ಅಂದದ್ದಕ್ಕೆ ಅವನಿಗೆ ಬೇಸರವಿದೆ.

ಖಾಸಗಿ ಆಸ್ಪತ್ರೆಯವರು ಮತ್ತೆ ಬಂದಿದ್ದರು. ನಾಳೆ ಸಹಿ ಹಾಕುತ್ತೇನೆ. ತಡೆಯುತ್ತೀರೆಂದು ಹೆದರಿ ಕಡೆಯ ದಿನದವರೆಗೆ ಬರೆಯಲಿಲ್ಲ. ಈ ಕಾಗದ ತಮ್ಮ ಕೈ ಸೇರುವ ಹೊತ್ತಿಗೆ ನಾನು ಹೊರಟಿರುತ್ತೇನೆ.

ಗಂಗಾಶ್ರೀ


(ಊರ ಹೆಸರಿಲ್ಲದೆ)
11 ಸೆಪ್ಟೆಂಬರ್ 2025

ಪೂಜ್ಯ ಗುರುಗಳಿಗೆ,

ಆದೇಶ ಬಂತು. ಮೊನ್ನೆ ಬಂತು. ನಮ್ಮೂರಿಗೇ.

ಅವ್ವ ಫೋನಿನಲ್ಲಿ ಓದಿಸಿ ಕೇಳಿಸಿದಳು. ಅಕ್ಟೋಬರ್ ಆರಕ್ಕೆ ಬಂದು ಸೇರಬೇಕಂತೆ. ಅಪ್ಪ ಬಾಗಿಲಿಗೆ ತೋರಣ ಕಟ್ಟಿದರಂತೆ. ನಾನು ಬರಲಾರೆನೆಂದು ಹೇಳಲು ಬಾಯಿ ತೆರೆದೆ. ಅವ್ವ ಅಷ್ಟರಲ್ಲಿ ಫೋನನ್ನು ಪಕ್ಕದ ಮನೆಯವರಿಗೆ ಕೊಟ್ಟಿದ್ದಳು, ಅವರೂ ಮಾತಾಡಲೆಂದು.

ಅಷ್ಟು ದಿನ ಬಾರದ ಪ್ರಮಾಣಪತ್ರವನ್ನು ಈ ಆಸ್ಪತ್ರೆಯವರು ಒಂದೇ ವಾರದಲ್ಲಿ ತರಿಸಿದರು. ತರಿಸಿ ತಮ್ಮ ಬೀರುವಿನಲ್ಲೇ ಇಟ್ಟುಕೊಂಡರು. ಅದನ್ನು ಕೊಟ್ಟು ನನ್ನನ್ನು ಬಿಡಿ ಎಂದು ಕೇಳಿದೆ. "ಮೂರು ವರ್ಷ ಆಗ್ಲಿ ಡಾಕ್ಟ್ರೇ" ಎಂದು ನಕ್ಕರು. ಇಲ್ಲಿ ಸಂಬಳವನ್ನು ಸರಿಯಾದ ದಿನಕ್ಕೆ ಕೊಡುತ್ತಾರೆ. ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ.

ಊರಿನವರಿಗೆ ಹೇಳುವ ಧೈರ್ಯ ನನಗಿಲ್ಲ. ಇನ್ನೂ ಯಾರಿಗೂ ಹೇಳಿಲ್ಲ. ತಮಗೇ ಮೊದಲು ಬರೆಯುತ್ತಿದ್ದೇನೆ. ಏನು ಮಾಡಬೇಕೆಂದು ಕೇಳುತ್ತಿಲ್ಲ. ಮಾಡುವಂಥದ್ದು ಇಲ್ಲ.

ಗಂಗಾಶ್ರೀ


ಶಿಕಾರಿಪುರ
12 ಅಕ್ಟೋಬರ್ 2025

ಚಿರಂಜೀವಿ ಗಂಗಾಶ್ರೀ,

ಆರನೆಯ ತಾರೀಖು ನಿಮ್ಮೂರಿಗೆ ಹೋಗಿದ್ದೆ. ಮೊದಲೇ ಹೋಗಿ ಹೇಳಬೇಕಿತ್ತು. ದಿನವೂ ಹೊರಡುತ್ತಿದ್ದೆ, ದಿನವೂ ಏನಾದರೊಂದು ನೆಪ ಸಿಗುತ್ತಿತ್ತು.

ಕೇಂದ್ರದ ಕೋಣೆಯ ಬೀಗ ತೆಗೆದು, ಗುಡಿಸಿ, ಕುರ್ಚಿಯ ಮೇಲೆ ಹೊಸ ಟವೆಲ್ ಹಾಸಿದ್ದರು. ನಿನ್ನ ತಂದೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೆಟ್ಟಿಲ ಮೇಲೆ ನಿಂತಿದ್ದ. ನನ್ನನ್ನು ಕಂಡು, "ಮೇಷ್ಟ್ರು ಅವಳಿಗಿಂತ ಮುಂಚೆ ಬಂದ್ರು ನೋಡ್ರಿ!" ಎಂದು ಎಲ್ಲರಿಗೂ ಹೇಳಿದ. ನಾನು ಜಗಲಿಯ ಮೇಲೆ ನಿಂತೆ. ಗಂಗಾಶ್ರೀ ಬರುವುದಿಲ್ಲ, ಇಂದೂ ಬರುವುದಿಲ್ಲ, ಮುಂದೆಯೂ ಕಾಯಬೇಡಿ ಎಂದೆ. ಅವಳು ದುಡಿದದ್ದಕ್ಕೆ ಕೊಡಬೇಕಾದದ್ದನ್ನು ಕೊಡಲಿಲ್ಲ. ಕೊಡದಿರಲು ಅವರಿಗೆ ಬೇಕಾದ ಮಾತನ್ನು ಬರೆದುಕೊಟ್ಟವನು ನಾನು. ಆದೇಶವನ್ನು ಕಳಿಸಬೇಕಾದಾಗ ಕಳಿಸಲಿಲ್ಲ. ಹುಡುಗಿ ಕಾಯುವಷ್ಟು ಕಾದು, ಖಾಸಗಿ ಆಸ್ಪತ್ರೆಯ ಮೂರು ವರ್ಷದ ಕರಾರಿಗೆ ಸಹಿ ಹಾಕಿದಳು. ಇಷ್ಟನ್ನೇ ಹೇಳಿದೆ. ವಾಕ್ಯಗಳನ್ನು ಸಿದ್ಧಪಡಿಸಿಕೊಂಡು ಹೋಗಿರಲಿಲ್ಲ.

ಯಾರೂ ಕೂಗಾಡಲಿಲ್ಲ. ಅಥವಾ ಕೂಗಿದ್ದರೆ ನನಗೆ ಕೇಳಿಸಲಿಲ್ಲ. ನಿನ್ನ ತಂದೆ ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಹೂವಮ್ಮ ನನ್ನ ಹತ್ತಿರ ಬಂದು, ಕಿವಿಗೆ ಕೈ ಅಡ್ಡವಿಟ್ಟು ಕೇಳಿದಳು: "ಅಲ್ಲಿ ತಿಂಗಳ ತಿಂಗಳ ಕೊಡ್ತಾರೇನ್ರೀ ಮೇಷ್ಟ್ರೇ?" ಕೊಡುತ್ತಾರಂತೆ ಎಂದೆ. "ಉಣ್ಣಾಕೆ ಹೊತ್ತಿಗೆ ಬಿಡ್ತಾರಂತಾ?" ಅದು ಗೊತ್ತಿಲ್ಲವೆಂದೆ. ನೀನೇ ಅವಳಿಗೆ ಬರೆ.

ಜನ ಚದುರಿದ ಮೇಲೂ ಒಬ್ಬಳು ಕುಳಿತೇ ಇದ್ದಳು. ಲೋಕಮ್ಮ ಅಂತೆ, ಕೆರೆಯ ಏರಿಯ ಹತ್ತಿರ ಒಬ್ಬಳೇ ಇರುವವಳು. ಪಾದಕ್ಕೆ ಹಳೆಯ ಸೀರೆಯ ಚೂರು ಸುತ್ತಿದ್ದಳು. ಬಿಚ್ಚಿದಾಗ ನಾನು ಮುಖ ತಿರುಗಿಸಿದೆ. ಸಕ್ಕರೆ ಕಾಯಿಲೆ, ಹೆಬ್ಬೆರಳು ಕಪ್ಪಾಗಿತ್ತು. ಮಳೆಗಾಲದಿಂದ ಹೀಗೇ ಇದೆಯಂತೆ. ಇಷ್ಟು ದಿನ ಏಕೆ ಎಲ್ಲಿಯೂ ತೋರಿಸಲಿಲ್ಲವೆಂದು ಗದರಿದೆ.

"ನೀವೇ ಅಂದಿದ್ರಲ್ರೀ, ಮಾಸ್ತಪ್ಪನ ಮಗಳು ಬತ್ತಾಳೆ ಅಂತ. ಕಂಡೋರ ಹತ್ರ ಯಾಕ್ ಕಾಲು ತೋರ್ಸದು, ನಮ್ ಹುಡ್ಗಿ ಬರ್ಲಿ ಅಂತ ಕೂತೆ" ಎಂದಳು. ನರ್ಸಮ್ಮ ಅದನ್ನು ನನಗೆ ಎರಡು ಸಲ ಹೇಳಬೇಕಾಯಿತು. ಮೊದಲ ಸಲವೇ ತಿಳಿದಿತ್ತು.

ಅವಳನ್ನು ನಾನೇ ಬಸ್ಸಿಗೆ ಹತ್ತಿಸಿಕೊಂಡು ದೊಡ್ಡ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದೆ. ಯಾವ ಊರಿನದೆಂದು ಬರೆಯುವುದಿಲ್ಲ. ಕಾರಣ ಮುಂದೆ ತಿಳಿಯುತ್ತದೆ. ಬೆರಳನ್ನು ತೆಗೆದರು. ಪಾದ ಉಳಿದೀತು ಎನ್ನುತ್ತಾರೆ, ಖಚಿತವಾಗಿ ಹೇಳುವುದಿಲ್ಲ. ಮೂರು ದಿನ ವಾರ್ಡಿನಲ್ಲಿ ಅವಳ ಬಳಿ ನಾನಿದ್ದೆ. ರಾಜೇಶ್ವರಮ್ಮ ಗಂಜಿ ಕಳಿಸುತ್ತಿದ್ದಳು.

ಗಾಯ ಕಟ್ಟಲು ಬರುತ್ತಿದ್ದವಳು ಒಬ್ಬ ಚಿಕ್ಕ ಹುಡುಗಿ. ಹೋದ ವರ್ಷ ನೀನಿದ್ದಂತೆಯೇ ತರಬೇತಿಯವಳು. ಕೊರಳಲ್ಲಿ ಸ್ಟೆತಾಸ್ಕೋಪು, ಚಪ್ಪಲಿಯ ಬಾರಿಗೆ ಪಿನ್ನು. ಲೋಕಮ್ಮ ನೋವಿಗೆ ಬೈದರೆ ನಗುತ್ತಿದ್ದಳು. ಕಡೆಯ ದಿನ ನಾನು ಅವಳನ್ನು ಕೇಳಿದೆ. ಜೀವಮಾನದಲ್ಲಿ ಹೊರಗಿನವರನ್ನು ಕೇಳದ ಪ್ರಶ್ನೆ.

"ಅಮ್ಮಾ, ನಿನಗೆ ಸಂಬಳ ಕೊಡುತ್ತಿದ್ದಾರೆಯೆ?"

ನನ್ನ ದನಿ ಎಷ್ಟು ದೊಡ್ಡದೆಂದು ನನಗೆ ತಿಳಿಯುವುದಿಲ್ಲ. ವಾರ್ಡಿನಲ್ಲಿದ್ದವರೆಲ್ಲ ತಿರುಗಿದರು. ಬಾಗಿಲಲ್ಲಿ ನಿಂತಿದ್ದ ದೊಡ್ಡ ಡಾಕ್ಟರೂ ತಿರುಗಿದರು. ಹುಡುಗಿ ಅವರ ಕಡೆ ಒಮ್ಮೆ ನೋಡಿದಳು. ಕೈಯನ್ನು ಮಂಚದ ಅಂಚಿಗಿಂತ ಕೆಳಗೆ ಇಳಿಸಿ, ನನಗೊಬ್ಬನಿಗೇ ಕಾಣುವಂತೆ, ಇಲ್ಲವೆಂದು ಆಡಿಸಿದಳು. ಮತ್ತೆ ಲೋಕಮ್ಮನ ಪಾದದ ಮೇಲೆ ಬಾಗಿ ಬಟ್ಟೆ ಸುತ್ತತೊಡಗಿದಳು.

ಹುಚ್ಚರಾಯಪ್ಪ